ಲೈವ್ ಸ್ಟ್ರೀಮ್‌ನಲ್ಲಿ ಫ್ರೇಮ್ ಬೀಳುತ್ತಿವೆ, ನಾಪೋಕ್ಲು ಕಡೆ. ಎಲ್ಲಿಂದ ಹುಡುಕಲಿ?

ನಾಪೋಕ್ಲು_ನೈಟ್ಸ್ · ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ತೋಟದ ಮನೆ ನಮ್ಮದು. ವಾರಕ್ಕೆ ಮೂರು ರಾತ್ರಿ ಯೂಟ್ಯೂಬ್‌ನಲ್ಲಿ ವ್ಯಾಲೊರಂಟ್ ಆಟ ಲೈವ್ ಮಾಡುತ್ತೇನೆ. ಪೂರ್ತಿ ಕನ್ನಡದಲ್ಲೇ ಮಾತು. ನೋಡುವವರು ಮೂವತ್ತು ನಲವತ್ತು ಜನ, ಆದರೆ ಪ್ರತಿ ಸಲ ತಪ್ಪದೆ ಬರುವವರು. ಒಂದು ತಿಂಗಳಿಂದ ಅವರದು ಒಂದೇ ಮಾತು: "ಅಣ್ಣ, ಸ್ಟಕ್ ಆಗ್ತಿದೆ." ನನ್ನ ಸ್ಕ್ರೀನ್‌ನಲ್ಲಿ ಆಟ ಚೆನ್ನಾಗಿಯೇ ಓಡುತ್ತಿರುತ್ತದೆ. ಅವರ ಕಡೆ ಮಾತ್ರ ಚಿತ್ರ ನಿಂತುಬಿಡುತ್ತದೆ. ಮತ್ತೆ ಬರುವಷ್ಟರಲ್ಲಿ ರೌಂಡ್ ಮುಗಿದಿರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್ಯಾಮ್. ಇಂಟರ್ನೆಟ್ ಫೈಬರ್, 50 ಎಂಬಿಪಿಎಸ್ ಪ್ಲಾನ್. ಫೋನ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಅಪ್‌ಲೋಡ್ 40ರ ಮೇಲೆಯೇ ಬರುತ್ತದೆ. ಸ್ಟ್ರೀಮ್ ಕಳಿಸುವ ಸಾಫ್ಟ್‌ವೇರ್ ಒಬಿಎಸ್‌ನಲ್ಲಿ 1080ಪಿ, ಸೆಕೆಂಡಿಗೆ 60 ಫ್ರೇಮ್ (ಚಿತ್ರ), ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾ, 9000 ಕೆಬಿಪಿಎಸ್ ಇಟ್ಟಿದ್ದೇನೆ. ಹೊಸ ಡ್ರೈವರ್ ಹಾಕಿದೆ. ಒಬಿಎಸ್ ತೆಗೆದು ಮತ್ತೆ ಹಾಕಿದೆ. ವಿಂಡೋಸ್ ಫಾರ್ಮ್ಯಾಟ್ ಕೂಡ ಮಾಡಿದೆ. ಏನೂ ಬದಲಾಗಲಿಲ್ಲ. ಹೊಸ ಲ್ಯಾಪ್‌ಟಾಪೇ ಬೇಕಾ? ಮನೆಯಲ್ಲಿ ದುಡ್ಡು ಕೇಳುವ ಮೊದಲು ಇಲ್ಲಿ ಒಂದು ಮಾತು ಕೇಳೋಣ ಅನಿಸಿತು.

ಕುಶಾಲನಗರ_ಕೀಬೋರ್ಡ್ · ಮಂಗಳವಾರ, ಬೆಳಿಗ್ಗೆ 7:15

1650ರಲ್ಲಿ ಆಟ, ಸ್ಟ್ರೀಮ್ ಎರಡೂ ಒಟ್ಟಿಗೆ ಕಷ್ಟ ಬ್ರೋ. ಗ್ರಾಫಿಕ್ಸ್ ಸೆಟ್ಟಿಂಗ್ ಎಲ್ಲ ಲೋ ಮಾಡಿ ನೋಡಿ. ನನಗೂ ಹೀಗೇ ಆಗುತ್ತಿದೆ.

ಮಂಜಿನಮನೆ · ಮಂಗಳವಾರ, ಬೆಳಿಗ್ಗೆ 9:02

ತಮ್ಮ, ಸ್ವಲ್ಪ ತಡಿ. ಲ್ಯಾಪ್‌ಟಾಪ್ ವಿಷಯ ಈಗಲೇ ಮನೆಯಲ್ಲಿ ಎತ್ತಬೇಡ. ಇನ್ನೇನನ್ನೂ ಬದಲಿಸಲೂ ಬೇಡ. ಮೊದಲು ಯಾವ ಫ್ರೇಮ್ ಬೀಳುತ್ತಿದೆ ಎಂದು ನೋಡು. "ಸ್ಟಕ್" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾಯಿಲೆ ಇರುತ್ತವೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಒಬಿಎಸ್‌ನ ಡಾಕ್ಸ್ ಮೆನುವಿನಲ್ಲಿ ಸ್ಟ್ಯಾಟ್ಸ್ ಇದೆ. ಅದನ್ನು ತೆರೆದು, ಸ್ಟ್ರೀಮ್ ಉದ್ದಕ್ಕೂ ಮುಚ್ಚದೆ ಬಿಡು. ಅಲ್ಲಿ ಮೂರು ಲೆಕ್ಕ ಸಿಗುತ್ತದೆ.

ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮ್. ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ಆಟವೇ ನುಂಗಿಬಿಟ್ಟಿದೆ, ಒಬಿಎಸ್‌ಗೆ ಚಿತ್ರ ಜೋಡಿಸಲು ಸಮಯ ಸಿಗುತ್ತಿಲ್ಲ ಎಂದು ಅರ್ಥ.

ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದ ಫ್ರೇಮ್. ಚಿತ್ರ ಸಿದ್ಧವಾಗಿದೆ, ಅದನ್ನು ವಿಡಿಯೊ ಆಗಿ ಕುಗ್ಗಿಸುವವನಿಗೆ ಕೈ ಸಾಲುತ್ತಿಲ್ಲ.

ಡ್ರಾಪ್ಡ್ ಫ್ರೇಮ್ಸ್, ಪಕ್ಕದಲ್ಲಿ ನೆಟ್‌ವರ್ಕ್ ಎಂದು ಇರುತ್ತದೆ. ಎಲ್ಲ ತಯಾರಾಗಿದೆ, ಹೊರಗೆ ಸಾಗಿಸಲು ದಾರಿ ಇಲ್ಲ.

ನಮ್ಮ ಕಡೆಯವರಿಗೆ ಹೇಳುವುದಾದರೆ ಕಾಫಿ ಹಣ್ಣು ಕುಯ್ಯುವುದು, ಸಿಪ್ಪೆ ತೆಗೆಯುವ ಪಲ್ಪರ್, ಆಮೇಲೆ ಲಾರಿ. ಲಾರಿ ಬರದಿದ್ದರೆ ಹೊಸ ಪಲ್ಪರ್ ತಂದು ಏನು ಮಾಡುತ್ತೀಯ?

ಇವತ್ತು ರಾತ್ರಿ ಒಂದು ಗಂಟೆ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವ) ಸ್ಟ್ರೀಮ್ ಮಾಡು, ನೋಡುವವರಿಗೆ ತೊಂದರೆ ಆಗುವುದಿಲ್ಲ. ಮೂರೂ ಸಂಖ್ಯೆ ಬರೆದುಕೊಂಡು ಬಾ.

ನಾಪೋಕ್ಲು_ನೈಟ್ಸ್ · ಬುಧವಾರ, ರಾತ್ರಿ 12:20

ಅಕ್ಕ, ಒಂದು ಗಂಟೆ ಹತ್ತು ನಿಮಿಷ ಮಾಡಿದೆ. ರೆಂಡರಿಂಗ್: 252000ದಲ್ಲಿ 212. ಎನ್‌ಕೋಡಿಂಗ್: 0. ನೆಟ್‌ವರ್ಕ್: 31248, ಅಂದರೆ 12.4%.

ಇಷ್ಟು ದಿನ ಈ ಕಿಟಕಿ ತೆರೆದೇ ನೋಡಿರಲಿಲ್ಲ. ಆದರೆ ಅಪ್‌ಲೋಡ್ 40 ಇದೆಯಲ್ವಾ? 9000 ಅಂದರೆ ಬರೀ 9 ಎಂಬಿಪಿಎಸ್. ಹೇಗೆ ಸಾಲುವುದಿಲ್ಲ?

ಮಂಜಿನಮನೆ · ಬುಧವಾರ, ಬೆಳಿಗ್ಗೆ 8:48

ನಿನ್ನ ಲ್ಯಾಪ್‌ಟಾಪ್ ಗಟ್ಟಿಯಾಗಿದೆ. ಒಂದು ಗಂಟೆಯಲ್ಲಿ ಎನ್‌ಕೋಡಿಂಗ್ ಸೊನ್ನೆ ಅಂದರೆ ಅದು ತನ್ನ ಕೆಲಸ ಪೂರ್ತಿ ಮಾಡಿದೆ.

ಸ್ಪೀಡ್ ಟೆಸ್ಟ್ ಹತ್ತಿಪ್ಪತ್ತು ಸೆಕೆಂಡಿನ ಓಟ. ಒಟ್ಟಿಗೆ ಹಲವು ಕನೆಕ್ಷನ್ ತೆರೆದು ಸಿಕ್ಕಷ್ಟು ಬಾಚಿಕೊಳ್ಳುತ್ತದೆ. ಸ್ಟ್ರೀಮ್ ಹಾಗಲ್ಲ. ಒಂದೇ ಕನೆಕ್ಷನ್, ಗಂಟೆಗಟ್ಟಲೆ ಒಂದೇ ಸಮ ಹೋಗಬೇಕು. ಅದು ಟಿಸಿಪಿ ಎಂಬ ಇಂಟರ್ನೆಟ್ ನಿಯಮದ ಮೇಲೆ ಓಡುತ್ತದೆ. ದಾರಿಯಲ್ಲಿ ಒಂದು ಪ್ಯಾಕೆಟ್ (ಡೇಟಾದ ತುಂಡು) ಕಳೆದರೆ ಅದನ್ನೇ ಮತ್ತೆ ಕಳಿಸಬೇಕು, ಹಿಂದಿನವೆಲ್ಲ ಕಾಯಬೇಕು. ಹಾಗೆ ಕಾದು ಕಾದು ಒಬಿಎಸ್ ಒಳಗಿನ ಬಫರ್, ಅಂದರೆ ಡೇಟಾ ಕಾಯುವ ಜಾಗ, ತುಂಬುತ್ತದೆ. ತುಂಬಿದಾಗ ಒಬಿಎಸ್ ಬೇರೆ ದಾರಿ ಇಲ್ಲದೆ ಫ್ರೇಮ್ ಎಸೆಯುತ್ತದೆ. ನಿನ್ನ ಸ್ಕ್ರೀನ್‌ನಲ್ಲಿ ಆಟ ಚೆನ್ನಾಗಿದ್ದು ನೋಡುವವರಿಗೆ ಮಾತ್ರ ನಿಲ್ಲುವುದು ಇದೇ ಕಾರಣಕ್ಕೆ.

ಈಗ ಪ್ರಶ್ನೆ, ಎಲ್ಲಿ ಕಳೆಯುತ್ತಿದೆ? ಮನೆಯೊಳಗಾ, ಹೊರಗಾ? ಎರಡು ಕಪ್ಪು ಕಮಾಂಡ್ ಕಿಟಕಿ ತೆರೆ. ಒಂದರಲ್ಲಿ ರೂಟರ್‌ಗೆ ಪಿಂಗ್ ಮಾಡು (ಸಣ್ಣ ಸಂದೇಶ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಎಂದು ತೋರಿಸುತ್ತದೆ), ಜಾಸ್ತಿ ಮನೆಗಳಲ್ಲಿ 192.168.1.1 ಇರುತ್ತದೆ. ಇನ್ನೊಂದರಲ್ಲಿ 8.8.8.8, ಅದು ಹೊರಗಿನ ಗೂಗಲ್ ಸರ್ವರ್. ಎರಡಕ್ಕೂ ಕೊನೆಯಲ್ಲಿ ಮೈನಸ್ ಟಿ ಹಾಕಿದರೆ ನಿಲ್ಲದೆ ಓಡುತ್ತದೆ. ಸ್ಟ್ರೀಮ್ ಮಾಡುತ್ತಲೇ ಎರಡನ್ನೂ ನೋಡು. ರೂಟರ್ ಕಿಟಕಿಯಲ್ಲೇ ಸಂಖ್ಯೆ ಜಿಗಿದರೆ ತಪ್ಪು ನಿನ್ನ ವೈಫೈಯದು. ರೂಟರ್ ಸರಿ ಇದ್ದು 8.8.8.8 ಜಿಗಿದರೆ ಹೊರಗಿನ ಲೈನ್.

ಲ್ಯಾಪ್‌ಟಾಪ್ ರೂಟರ್‌ನಿಂದ ಎಷ್ಟು ದೂರ ಇದೆ?

ನಾಪೋಕ್ಲು_ನೈಟ್ಸ್ · ಬುಧವಾರ, ರಾತ್ರಿ 10:55

ರೂಟರ್ ಜಗಲಿ ಪಕ್ಕದ ಕೋಣೆಯಲ್ಲಿ. ನಾನು ಕೂರುವುದು ಅಟ್ಟದ ಕೋಣೆಯಲ್ಲಿ. ಹಳೆ ಕಾಲದ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಸ್ಪೀಡ್ ಟೆಸ್ಟ್ ಮಾಡಿದ್ದು ಕೆಳಗೆ, ರೂಟರ್ ಪಕ್ಕ ನಿಂತು. ಈಗ ನೆನಪಾಗುತ್ತಿದೆ.

ಪಿಂಗ್ ನೋಡಿದೆ ಅಕ್ಕ. ರೂಟರ್ ಕಿಟಕಿಯಲ್ಲೇ 3, 4, 3, 5 ಎಂದು ಹೋಗುತ್ತಿದ್ದದ್ದು ಒಮ್ಮೆಗೇ 412, 780, "ರಿಕ್ವೆಸ್ಟ್ ಟೈಮ್ಡ್ ಔಟ್", ಮತ್ತೆ 4. ಅದೇ ಗಳಿಗೆಗೆ ಒಬಿಎಸ್ ಕೆಳಗಿನ ಹಸಿರು ಗುರುತು ಕೆಂಪಾಯಿತು. ಕಣ್ಣಾರೆ ನೋಡಿದೆ.

ಮಂಜಿನಮನೆ · ಬುಧವಾರ, ರಾತ್ರಿ 11:10

ಹಾಗಾದರೆ ಕೇಬಲ್ ಎಳೆ. ವೈಫೈ ಎಕ್ಸ್‌ಟೆಂಡರ್ ತರಬೇಡ, ಅದೂ ಗಾಳಿಯಲ್ಲೇ ಮಾತಾಡುವುದು. ಕ್ಯಾಟ್ 6 ಕೇಬಲ್ 25 ಮೀಟರ್ ಸಾಕಾಗಬಹುದು. ಈಥರ್‌ನೆಟ್ 100 ಮೀಟರ್‌ವರೆಗೆ ತೊಂದರೆ ಇಲ್ಲದೆ ಹೋಗುತ್ತದೆ, ಉದ್ದದ ಚಿಂತೆ ಬೇಡ. ಕರೆಂಟ್ ವೈರ್ ಜೊತೆಗೆ ಒಂದೇ ಪೈಪಿನಲ್ಲಿ ಎಳೆಯಬೇಡ, ಅಷ್ಟೇ. ಬಿಟ್‌ರೇಟ್ ಈಗ ಮುಟ್ಟಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಎಂದೇ ಗೊತ್ತಾಗುವುದಿಲ್ಲ.

ಕುಶಾಲನಗರ_ಕೀಬೋರ್ಡ್ · ಗುರುವಾರ, ಮಧ್ಯಾಹ್ನ 1:30

ಅಕ್ಕ, ನಾನೂ ಸ್ಟ್ಯಾಟ್ಸ್ ತೆರೆದು ನೋಡಿದೆ. ನನ್ನದು ಪಲ್ಪರ್ ಸಮಸ್ಯೆ. ಎನ್‌ಕೋಡಿಂಗ್ ಲ್ಯಾಗ್ 18%, ನೆಟ್‌ವರ್ಕ್ ಸೊನ್ನೆ. ಡೆಸ್ಕ್‌ಟಾಪ್, ನಾಲ್ಕು ಕೋರ್ ಪ್ರೊಸೆಸರ್. ಎನ್‌ಕೋಡರ್ ಎಕ್ಸ್264, ಪ್ರೀಸೆಟ್ ಮೀಡಿಯಂ. ಒಂದು ವಿಡಿಯೊದಲ್ಲಿ ಮೀಡಿಯಂ ಇಟ್ಟರೆ ಕ್ವಾಲಿಟಿ ಜಾಸ್ತಿ ಅಂದಿದ್ದರು.

ಮಂಜಿನಮನೆ · ಗುರುವಾರ, ಮಧ್ಯಾಹ್ನ 2:05

ಕ್ವಾಲಿಟಿ ಜಾಸ್ತಿ ನಿಜ, ಆದರೆ ಅದಕ್ಕೆ ಬೆಲೆ ಪ್ರೊಸೆಸರ್ ಕೊಡಬೇಕು. ಎಕ್ಸ್264 ಪೂರ್ತಿ ಪ್ರೊಸೆಸರ್ ಮೇಲೆ ಕೂರುತ್ತದೆ. ಅದೇ ಪ್ರೊಸೆಸರ್ ಆಟವನ್ನೂ ಓಡಿಸಬೇಕು. ನಾಲ್ಕು ಕೋರ್‌ನಲ್ಲಿ ಮೀಡಿಯಂ ಆಗದ ಮಾತು. ಎನ್‌ಕೋಡರ್ ಬದಲಿಸಿ: ಎನ್ವಿಡಿಯಾ ಕಾರ್ಡ್ ಇದ್ದರೆ ಎನ್‌ವಿಎನ್‌ಸಿ, ಎಎಂಡಿ ಇದ್ದರೆ ಎಎಂಎಫ್, ಬರೀ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಕ್ವಿಕ್‌ಸಿಂಕ್. ಇವು ಕಾರ್ಡಿನೊಳಗೆ ಈ ಕೆಲಸಕ್ಕೆಂದೇ ಇರುವ ಬೇರೆ ಭಾಗ. ಮೂರೂ ಇಲ್ಲದಿದ್ದರೆ ಎಕ್ಸ್264ರಲ್ಲೇ ವೆರಿಫಾಸ್ಟ್ ಪ್ರೀಸೆಟ್ ಇಡಿ.

ಕುಶಾಲನಗರ_ಕೀಬೋರ್ಡ್ · ಗುರುವಾರ, ರಾತ್ರಿ 9:40

ಎನ್‌ವಿಎನ್‌ಸಿ ಇತ್ತು, ಪಟ್ಟಿಯಲ್ಲೇ ಇತ್ತು. ಬದಲಿಸಿದೆ. ಎನ್‌ಕೋಡಿಂಗ್ ಲ್ಯಾಗ್ 0. ಮೊದಲ ದಿನ ಇಲ್ಲಿ ಗ್ರಾಫಿಕ್ಸ್ ಲೋ ಮಾಡಿ ಎಂದು ಬರೆದಿದ್ದೆ, ಅದು ತಪ್ಪು ಸಲಹೆ. ನಾಪೋಕ್ಲು ಬ್ರೋ, ಕ್ಷಮಿಸಿ.

ಸೋಮವಾರಪೇಟೆ_ಸೋಲೋ · ಶುಕ್ರವಾರ, ಬೆಳಿಗ್ಗೆ 6:50

ನನ್ನ ಕಥೆ ಬೇರೆ. ಮೊದಲ ಇಪ್ಪತ್ತು ನಿಮಿಷ ಯಾವ ಲ್ಯಾಗೂ ಇಲ್ಲ. ಆಮೇಲೆ ರೆಂಡರಿಂಗ್ ಲ್ಯಾಗ್ ಏರುತ್ತಾ ಹೋಗುತ್ತದೆ, ಆಟದ ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಕೂಡ 110ರಿಂದ 50ಕ್ಕೆ ಇಳಿಯುತ್ತದೆ. ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಶುರು ಮಾಡಿದರೆ ಮತ್ತೆ ಸರಿ. ಬಿಸಿ ಇರಲಿಕ್ಕಿಲ್ಲ, ಈ ಮಳೆಯಲ್ಲಿ ಮನೆಯೊಳಗೆ ಸ್ವೆಟರ್ ಹಾಕಿ ಕೂತಿದ್ದೇನೆ.

ಮಂಜಿನಮನೆ · ಶುಕ್ರವಾರ, ಬೆಳಿಗ್ಗೆ 8:30

ಇಪ್ಪತ್ತು ನಿಮಿಷ ಸರಿ, ಆಮೇಲೆ ಕೆಡುತ್ತದೆ, ತಣ್ಣಗಾದರೆ ಸರಿ. ಇದು ಬಿಸಿಯದ್ದೇ. ಕೋಣೆ ತಣ್ಣಗಿದ್ದರೂ ಲ್ಯಾಪ್‌ಟಾಪ್ ಒಳಗೆ ಗಾಳಿ ಹೋಗಬೇಕಲ್ವಾ? ಯಾವುದರ ಮೇಲೆ ಇಟ್ಟು ಆಡುತ್ತೀರಿ?

ಸೋಮವಾರಪೇಟೆ_ಸೋಲೋ · ಶುಕ್ರವಾರ, ಬೆಳಿಗ್ಗೆ 8:41

ಮಂಚದ ಮೇಲೆ. ಕಾಲಿಗೆ ಚಳಿ ಎಂದು ಕಂಬಳಿ ಹೊದ್ದುಕೊಂಡು, ಅದರ ಮೇಲೆ ಲ್ಯಾಪ್‌ಟಾಪ್.

ಮಂಜಿನಮನೆ · ಶುಕ್ರವಾರ, ಬೆಳಿಗ್ಗೆ 8:44

ಕಂಬಳಿ ಕೆಳಗಿನ ಕಿಂಡಿಗಳನ್ನು ಪೂರ್ತಿ ಮುಚ್ಚಿದೆ. ಫ್ಯಾನ್ ಗಾಳಿ ಎಳೆಯುವುದು ಅಲ್ಲಿಂದಲೇ. ಬಿಸಿ ಏರಿದಾಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿ ಇಡಿ, ಹಿಂದಿನ ಭಾಗ ಒಂದು ಇಂಚು ಮೇಲಿರಲಿ. ಜೊತೆಗೆ ಆಟದ ಎಫ್‌ಪಿಎಸ್‌ಗೆ ಒಂದು ಮಿತಿ ಹಾಕಿ, 90 ಸಾಕು. ಮಿತಿ ಇಲ್ಲದಿದ್ದರೆ ಆಟ ಕಾರ್ಡನ್ನು 99% ಹಿಂಡುತ್ತದೆ, ಒಬಿಎಸ್‌ಗೆ ಏನೂ ಉಳಿಯುವುದಿಲ್ಲ. ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಆಗ ವಿಂಡೋಸ್ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಬಿಎಸ್‌ಗೂ ಮೊದಲ ಜಾಗ ಕೊಡುತ್ತದೆ.

ಚಾರ್ಜರ್ ಪಿನ್ ಸಡಿಲ ಇದೆಯಾ ಎಂದೂ ನೋಡಿ. ಬ್ಯಾಟರಿಗೆ ಹೋದ ಕ್ಷಣ ಗೇಮಿಂಗ್ ಲ್ಯಾಪ್‌ಟಾಪ್ ಶಕ್ತಿ ತಗ್ಗಿಸುತ್ತದೆ.

ಸೋಮವಾರಪೇಟೆ_ಸೋಲೋ · ಶುಕ್ರವಾರ, ರಾತ್ರಿ 11:15

ಅಡುಗೆಮನೆಯಿಂದ ಮಣೆ ತಂದೆ. ಮಣೆಯ ಮೇಲೆ ಲ್ಯಾಪ್‌ಟಾಪ್, ಹಿಂದೆ ಎರಡು ಬಾಟಲಿ ಮುಚ್ಚಳ. ಮೊದಲು ಪ್ರೊಸೆಸರ್ 97 ಡಿಗ್ರಿ ಮುಟ್ಟುತ್ತಿತ್ತು, ಇವತ್ತು 81 ದಾಟಲಿಲ್ಲ. ಎರಡು ಗಂಟೆ ಆಡಿದೆ, ಎಫ್‌ಪಿಎಸ್ 90ರಲ್ಲೇ ನಿಂತಿತು. ಮಣೆ ವಾಪಸ್ ಕೊಡು ಎಂದು ಅಮ್ಮ ಕೇಳುತ್ತಿದ್ದಾರೆ. ನಾಳೆ ಹಲಗೆ ನೋಡಬೇಕು.

ಭಾಗಮಂಡಲ_4ಜಿ · ಶನಿವಾರ, ಬೆಳಿಗ್ಗೆ 10:00

ನಮ್ಮ ಕಡೆ ಫೈಬರ್ ಬಂದಿಲ್ಲ. ಫೋನ್ ಹಾಟ್‌ಸ್ಪಾಟ್‌ನಲ್ಲಿ ಸ್ಟ್ರೀಮ್. ಶುರುವಿನಲ್ಲಿ ಸರಿ, ಒಂದೂವರೆ ಗಂಟೆ ಆದ ಮೇಲೆ ಪೂರ್ತಿ ಸತ್ತೇ ಹೋಗುತ್ತದೆ. ಬಿಟ್‌ರೇಟ್ 3000. ದಿನಕ್ಕೆ 2 ಜಿಬಿ ಪ್ಯಾಕ್.

ಮಂಜಿನಮನೆ · ಶನಿವಾರ, ಬೆಳಿಗ್ಗೆ 10:20

ಲೆಕ್ಕ ಹಾಕಿ. 3000 ಅಂದರೆ ಗಂಟೆಗೆ ಹತ್ತಿರ ಹತ್ತಿರ 1.35 ಜಿಬಿ. ಒಂದೂವರೆ ಗಂಟೆಗೆ 2 ಜಿಬಿ ಮುಗಿಯಿತು. ಆಮೇಲೆ ಇಂಥ ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ಅದರಲ್ಲಿ ಧ್ವನಿಯೂ ಸರಿಯಾಗಿ ಹೋಗುವುದಿಲ್ಲ. ಸೆಟ್ಟಿಂಗ್‌ನಿಂದ ಸರಿ ಮಾಡುವ ವಿಷಯ ಅಲ್ಲ ಇದು. 720ಪಿ 30ಕ್ಕೆ ಇಳಿಸಿ 2000 ಇಟ್ಟರೆ ಎರಡು ಗಂಟೆ ಬರುತ್ತದೆ, ನಿಧಾನದ ಆಟಕ್ಕೆ ಅದು ಸಾಕು. ಅಡ್ವಾನ್ಸ್ಡ್‌ನಲ್ಲಿ ದಟ್ಟಣೆ ನೋಡಿ ಬಿಟ್‌ರೇಟ್ ತಾನೇ ಬದಲಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಟವರ್ ಮೇಲೆ ಜನ ಜಾಸ್ತಿಯಾದಾಗ ಫ್ರೇಮ್ ಬೀಳುವ ಬದಲು ಚಿತ್ರ ಸ್ವಲ್ಪ ಮಸುಕಾಗುತ್ತದೆ. ನಿಲ್ಲುವುದಕ್ಕಿಂತ ಮಸುಕು ವಾಸಿ.

ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲೇ ಲ್ಯಾಪ್‌ಟಾಪ್‌ಗೆ ಜೋಡಿಸಿ. ಮಧ್ಯದ ವೈಫೈ ಒಂದು ಕಡಿಮೆಯಾಗುತ್ತದೆ.

ನಾಪೋಕ್ಲು_ನೈಟ್ಸ್ · ಭಾನುವಾರ, ರಾತ್ರಿ 12:30

ಅಕ್ಕ, ಕೇಬಲ್ ಎಳೆದೆ. ಅಪ್ಪನೂ ಕೈ ಹಾಕಿದರು. ಅಟ್ಟದ ಹಲಗೆ ಸಂದಿಯಿಂದ ಇಳಿಸಿ, ಬಾಗಿಲ ಮೇಲಿಂದ ರೂಟರ್‌ಗೆ. ರೂಟರ್ ಪಿಂಗ್ ಈಗ 1 ಮಿಲಿಸೆಕೆಂಡ್ ಬಿಟ್ಟು ಅಲುಗುವುದಿಲ್ಲ. ಒಂದು ಗಂಟೆ ಸ್ಟ್ರೀಮ್‌ನಲ್ಲಿ 216000ದಲ್ಲಿ 4536 ಬಿದ್ದಿದೆ, 2.1%. 12ರಿಂದ 2ಕ್ಕೆ ಬಂತು!

ಆದರೆ ಆ 2% ಸಮನಾಗಿ ಬೀಳುವುದಿಲ್ಲ. ಹತ್ತು ನಿಮಿಷ ಸೊನ್ನೆ, ಆಮೇಲೆ ಒಂದೇ ಸಲಕ್ಕೆ ನೂರಾರು. 8.8.8.8 ಕಿಟಕಿಯಲ್ಲಿ ಆಗ ಮೂರು ನಾಲ್ಕು ಟೈಮ್ಡ್ ಔಟ್ ಬರುತ್ತದೆ. ಇನ್ನೊಂದು ವಿಷಯ ಗಮನಿಸಿದೆ. ಗಾಳಿ ಬೀಸಿದಾಗಲೇ ಹೀಗಾಗುವುದು. ಹೆಂಚಿನ ಮೇಲೆ ಸದ್ದು ಜೋರಾಗುತ್ತಿದ್ದ ಹಾಗೆ ಗುರುತು ಹಳದಿಯಾಗುತ್ತದೆ. ಇದು ನನ್ನ ಭ್ರಮೆಯಾ?

ತೋಟದ_ತಂತಿ · ಭಾನುವಾರ, ಬೆಳಿಗ್ಗೆ 9:15

ಭ್ರಮೆ ಅಲ್ಲ ತಮ್ಮ. ವಿರಾಜಪೇಟೆ ತಾಲೂಕಿನಲ್ಲಿ ಫೈಬರ್ ಎಳೆಯುವ ಕೆಲಸ ನನ್ನದು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಂಬ ಇಲ್ಲದ ಕಡೆ ನಾವು ಡ್ರಾಪ್ ವೈರನ್ನು (ಮನೆಗೆ ಬರುವ ಫೈಬರ್ ತಂತಿ) ಮರದಿಂದ ಮರಕ್ಕೆ ಕಟ್ಟುತ್ತೇವೆ, ಜಾಸ್ತಿ ಸಿಲ್ವರ್ ಓಕ್‌ಗೆ. ಒಳಗಿರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ. ತುಂಡಾಗದಿದ್ದರೂ ಬಿಗಿಯಾಗಿ ಬಗ್ಗಿದರೆ ಆ ಬಗ್ಗಿದ ಜಾಗದಲ್ಲಿ ಬೆಳಕು ಹೊರಗೆ ಸೋರುತ್ತದೆ. ಗಾಳಿಗೆ ಮರ ತೂಗಿದ ಹಾಗೆ ಬಿಗಿ ಹೆಚ್ಚು ಕಡಿಮೆಯಾಗುತ್ತದೆ.

ರೂಟರ್ ಪುಟ ತೆರೆದು ಆಪ್ಟಿಕಲ್ ಅಥವಾ ಪಾನ್ ಎಂಬ ಜಾಗದಲ್ಲಿ ಆರ್‌ಎಕ್ಸ್ ಪವರ್, ಅಂದರೆ ಮನೆಗೆ ಬಂದು ಸೇರುವ ಬೆಳಕಿನ ಬಲ, ನೋಡು. ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಸಂಖ್ಯೆ ಇರುತ್ತದೆ. ಮನೆ ಸಂಪರ್ಕಕ್ಕೆ ಮೈನಸ್ 8ರಿಂದ ಮೈನಸ್ 27ರ ಒಳಗೆ ಇರಬೇಕು. ಮೈನಸ್ 25 ದಾಟಿದರೆ ನಾನಾದರೆ ಹೋಗಿ ಲೈನ್ ನೋಡುತ್ತೇನೆ. 3 ಡಿಬಿ ಇಳಿಯಿತು ಅಂದರೆ ಬೆಳಕು ಅರ್ಧ ಆಯಿತು ಎಂದು ಲೆಕ್ಕ.

ವೈರನ್ನು ನೀನೇ ಬಿಚ್ಚಲು ಹೋಗಬೇಡ. ಫೈಬರ್ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಲೇಬೇಡ, ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ.

ನಾಪೋಕ್ಲು_ನೈಟ್ಸ್ · ಭಾನುವಾರ, ಬೆಳಿಗ್ಗೆ 11:05

ಅಣ್ಣ, ಮೈನಸ್ 26.9 ತೋರಿಸುತ್ತಿದೆ. ಗಾಳಿ ಬಂದಾಗ ಪುಟ ರಿಫ್ರೆಶ್ ಮಾಡಿದೆ, ಮೈನಸ್ 27.6.

ಕೊಡೆ ಹಿಡಿದು ಲೈನ್ ಉದ್ದಕ್ಕೂ ನಡೆದು ಬಂದೆ. ಗೇಟಿನಿಂದ ನಾಲ್ಕನೇ ಮರದಲ್ಲಿ ಸಿಕ್ಕಿತು. ಮೇ ತಿಂಗಳಲ್ಲಿ ಮರ ಕಪಾತು ಮಾಡಿಸಿದ್ದೆವು. ಕಡಿದ ಒಂದು ಕೊಂಬೆ ಕೆಳಗೆ ಬೀಳದೆ ಮೆಣಸಿನ ಬಳ್ಳಿಯಲ್ಲಿ ಸಿಕ್ಕಿಕೊಂಡು ವೈರ್ ಮೇಲೆ ಒರಗಿದೆ. ಕೊಂಬೆಯ ಭಾರಕ್ಕೆ ವೈರ್ ಕವೆಯೊಳಗೆ ಮಡಿಸಿಕೊಂಡಿದೆ, ಬೆರಳು ಮಡಿಸಿದ ಹಾಗೆ. ತೊಂದರೆ ಶುರುವಾಗಿದ್ದು ಜೂನ್‌ನಲ್ಲಿ. ಎಲ್ಲ ಹೊಂದುತ್ತದೆ. ಮುಟ್ಟಲಿಲ್ಲ, ಫೋಟೊ ತೆಗೆದು ಲೈನಿನವರಿಗೆ ಕಳಿಸಿದೆ.

ತೋಟದ_ತಂತಿ · ಭಾನುವಾರ, ಬೆಳಿಗ್ಗೆ 11:20

ಮುಟ್ಟದೆ ಇದ್ದದ್ದು ಒಳ್ಳೆಯದಾಯಿತು. ಬರುವವರಿಗೆ ಆರ್‌ಎಕ್ಸ್ ಸಂಖ್ಯೆಯನ್ನೂ ಹೇಳು. "ನೆಟ್ ಸ್ಲೋ" ಅಂದರೆ ಅವರು ರೂಟರ್ ಆಫ್ ಆನ್ ಮಾಡಿಸಿ ಬಿಡುತ್ತಾರೆ. "ಮೈನಸ್ 27" ಅಂದರೆ ಏಣಿ ತರುತ್ತಾರೆ.

ನಾಪೋಕ್ಲು_ನೈಟ್ಸ್ · ಬುಧವಾರ, ರಾತ್ರಿ 11:50

ನಿನ್ನೆ ಬಂದು ಕೊಂಬೆ ಇಳಿಸಿದರು, ಮಡಿಸಿದ ಭಾಗ ಕತ್ತರಿಸಿ ಹೊಸದಾಗಿ ಸ್ಪ್ಲೈಸ್ ಮಾಡಿ ಜೋಡಿಸಿದರು. ಆರ್‌ಎಕ್ಸ್ ಈಗ ಮೈನಸ್ 20.4. ಇವತ್ತು ಒಂದೂವರೆ ಗಂಟೆ ಲೈವ್ ಮಾಡಿದೆ, ಹೊರಗೆ ಮಳೆ ಸುರಿಯುತ್ತಲೇ ಇತ್ತು. 324000 ಫ್ರೇಮ್‌ನಲ್ಲಿ ಬಿದ್ದದ್ದು 130.

ಒಂದೇ ತೊಂದರೆ ಉಳಿದಿದೆ. ಕರೆಂಟ್ ಒಂದು ಸಲ ಮಿಣುಕಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯಿತು, ರೂಟರ್ ಮಾತ್ರ ರೀಸ್ಟಾರ್ಟ್ ಆಗಿ ಮೂರು ನಿಮಿಷ ಸ್ಟ್ರೀಮ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಹೀಗೆ.

ತೋಟದ_ತಂತಿ · ಗುರುವಾರ, ಬೆಳಿಗ್ಗೆ 7:30

ಇನ್ವರ್ಟರ್ ಮೇಲೆ ಸಣ್ಣ ಸ್ವಿಚ್ ಇದೆಯಾ ನೋಡು, ಯುಪಿಎಸ್ ಅಂತ ಒಂದು ಕಡೆ ಬರೆದಿರುತ್ತದೆ. ಅದು ಇನ್ನೊಂದು ಕಡೆಗಿದ್ದರೆ ಬ್ಯಾಟರಿಗೆ ಬದಲಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಲ್ಬಿಗೆ ಅದು ಗೊತ್ತಾಗುವುದಿಲ್ಲ, ರೂಟರ್‌ಗೆ ಗೊತ್ತಾಗುತ್ತದೆ. ಯುಪಿಎಸ್ ಕಡೆಗೆ ಹಾಕು. ವೋಲ್ಟೇಜ್ ತೀರಾ ಕಡಿಮೆ ಇರುವ ಊರಲ್ಲಿ ಆ ಮೋಡ್ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ. ಹಾಗಾದರೆ ರೂಟರ್‌ಗೆ ಮಾತ್ರ 12 ವೋಲ್ಟ್ ಮಿನಿ ಯುಪಿಎಸ್ ಸಿಗುತ್ತದೆ, ಅದು ಸಾಕು. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪ್ ನೋಡಿಕೊಂಡು ತಾ.

ಮಂಜಿನಮನೆ · ಗುರುವಾರ, ಬೆಳಿಗ್ಗೆ 9:00

ಈಗ ಬಿಟ್‌ರೇಟ್ ಬಗ್ಗೆ ಮಾತಾಡಬಹುದು. ಲೈನ್ ಸರಿಯಾಗಿದೆ, 9000 ಹೋಗುತ್ತದೆ. ಆದರೂ ಮಳೆಗಾಲ ಮುಗಿಯುವವರೆಗೆ 720ಪಿ 60, 6000 ಇಡು ಎಂದು ನನ್ನ ಅಭಿಪ್ರಾಯ. ನಿನ್ನ ಜನ ಫೋನ್‌ನಲ್ಲಿ ನೋಡುವವರು, ಅವರ ನೆಟ್ಟೂ ಇದೇ ಮಳೆಯಲ್ಲಿದೆ. ಅಷ್ಟು ಸಣ್ಣ ಸ್ಕ್ರೀನಿನಲ್ಲಿ ವ್ಯತ್ಯಾಸ ಕಾಣುವುದು ಕಡಿಮೆ. ರೇಟ್ ಕಂಟ್ರೋಲ್ ಸಿಬಿಆರ್ (ಬಿಟ್‌ರೇಟ್ ಒಂದೇ ಸಮ), ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡ್ ಇರಲಿ. ಸ್ಟ್ರೀಮ್ ಹೊತ್ತಿಗೆ ಮನೆಯವರ ಫೋನ್‌ನಲ್ಲಿ ಫೋಟೊ ಬ್ಯಾಕಪ್ ನಿಲ್ಲಿಸು, ಅದು ಸದ್ದಿಲ್ಲದೆ ಅಪ್‌ಲೋಡ್ ತಿನ್ನುತ್ತದೆ.

ನಾಪೋಕ್ಲು_ನೈಟ್ಸ್ · ಶುಕ್ರವಾರ, ಸಂಜೆ 6:10

6000ಕ್ಕೆ ಇಳಿಸಿದೆ. ಇನ್ವರ್ಟರ್ ಸ್ವಿಚ್ ಬದಲಿಸಿದೆ, ಮೇನ್ ಆಫ್ ಮಾಡಿ ನೋಡಿದೆ, ರೂಟರ್ ಅಲುಗಲಿಲ್ಲ. ಅಮ್ಮನ ಫೋನ್‌ನಲ್ಲಿ ಬ್ಯಾಕಪ್ ಬೆಳಗಿನ ಜಾವಕ್ಕೆ ಇರಲಿ ಎಂದು ಹೇಳಿದ್ದೇನೆ, ಒಪ್ಪಿದ್ದಾರೆ.

ಅಪ್ಪ ನಾಲ್ಕನೇ ಮರದಿಂದ ಗೇಟಿನವರೆಗೆ ವೈರ್ ಹೋಗುವ ಪ್ರತಿ ಮರಕ್ಕೂ ಕೆಂಪು ಬಟ್ಟೆ ತುಂಡು ಕಟ್ಟಿದ್ದಾರೆ. ಮುಂದಿನ ಕಪಾತಿಗೆ ಬರುವವರಿಗೆ ಕಾಣಲಿ ಎಂದು. ಇವತ್ತು ಎಂಟು ಗಂಟೆಗೆ ಲೈವ್. ಮಂಜಿನಮನೆ ಅಕ್ಕ, ತಂತಿ ಅಣ್ಣ, ಬಿಡುವಿದ್ದರೆ ಬನ್ನಿ. ಸ್ಟ್ಯಾಟ್ಸ್ ಕಿಟಕಿಯನ್ನು ಸ್ಕ್ರೀನಿನ ಮೂಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡುತ್ತೇನೆ.